ಹಲ್ಲಿನಕ್ಕನ ಮನೆಯಲ್ಲಿ ತಿರುಗಿದ ಭೂಮಿ

ಅವಳನ್ನು ಎಲ್ಲರೂ ಹಲ್ಲಿನಕ್ಕ ಎಂದೇ ಕರೆಯುತ್ತಿದ್ದರು. ಹಲ್ಲಿನ ಸೆಟ್ಟು ಮಾಡುವುದು ಅವಳ ಕಸುಬು. ಕೆಳಬೀದಿಯ ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ಕಟ್ಟಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸುವಳು. ಆಮೇಲೆ ಮೇಣ ಕರಗಿಸಿ, ಆ ಜಾಗಕ್ಕೆ ಗುಲಾಬಿ ಅಕ್ರಿಲಿಕ್ ತುಂಬಿ, ಬಿಸಿನೀರಿನಲ್ಲಿ ಬೇಯಿಸಿ, ಕೆರೆದು, ಹೊಳಪು ಕೊಟ್ಟು ವಾಪಸು ಕಳಿಸುವಳು. ಬೀದಿಯಲ್ಲಿ ಎದುರಾದವರು ನಕ್ಕರೆ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಮುಖದ ಮೇಲಲ್ಲ. "ನಿನ್ನ ಎದುರು ನಗೋಕೂ ಹೆದರಿಕೆ ಆಗುತ್ತಮ್ಮ, ಪರೀಕ್ಷೆಗೆ ಕೂತ ಹಾಗಿರುತ್ತೆ" ಎಂದು ಅವಳ ಮಾವ ಛೇಡಿಸುತ್ತಿದ್ದರು. ಅವರ ಬಾಯಿಯ ಮೇಲಿನ ಸಾಲು ಪೂರ್ತಿ ಸೊಸೆಯದೇ ಕೈಕೆಲಸ.

ಮನೆ ಎರಡನೆಯ ಮಹಡಿಯಲ್ಲಿತ್ತು. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಮೂರು ಕೋಣೆ. ಮುಂದಿನದು ಅವಳ ಕೆಲಸದ ಕೋಣೆ. ಅಲ್ಲಿ ಕಿಟಕಿಯ ಅಂಚಿನಿಂದ ಹಿಡಿದು ಕ್ಯಾಲೆಂಡರಿನ ಮೊಳೆಯವರೆಗೆ ಎಲ್ಲದರ ಮೇಲೂ ಬಿಳಿ ಪುಡಿ. ನಡುವಿನದು ಮಾವನ ಕೋಣೆ. ಅವರು ದೊಡ್ಡ ಗೋದಾಮೊಂದರಲ್ಲಿ ಕಾವಲುಗಾರರಾಗಿದ್ದು ನಿವೃತ್ತರಾದವರು. ಈಗ ಮನೆಯ ಬಾಗಿಲನ್ನೇ ಗೋದಾಮಿನ ಗೇಟು ಎಂದುಕೊಂಡಿದ್ದರು. ಹಿಂದಿನ ಕೋಣೆ ಅವಳದೂ ಅವಳ ಗಂಡನದೂ. ಗಂಡನದು ಎನ್ನುವುದು ಹೆಸರಿಗೆ ಮಾತ್ರ. ಅವನು ಸರಕು ಹಡಗಿನಲ್ಲಿ ಅಡುಗೆಯವನು.

ಇಬ್ಬರಿಗೂ ಮದುವೆಯಾದದ್ದು ತಡವಾಗಿ. ಅವನು ಒಂದು ಕರಾರಿಗೆ ಹೋದರೆ ಮುಕ್ಕಾಲು ವರ್ಷ ಸಮುದ್ರದ ಮೇಲೆ. ಆಮೇಲೆ ಎರಡೋ ಮೂರೋ ತಿಂಗಳು ಮನೆ. ಬಂದ ಮೊದಲ ವಾರ ಅವನು ನೆಂಟನಂತಿರುತ್ತಿದ್ದ. ಕೊನೆಯ ವಾರ ಚಪ್ಪಲಿ ಮೆಟ್ಟಿ ನಿಂತವನಂತಿರುತ್ತಿದ್ದ. ನಡುವೆ ಉಳಿದದ್ದಷ್ಟೇ ಅವರ ಸಂಸಾರ. ಹೋಗಬೇಡಿ ಎಂದು ಅವಳು ಒಮ್ಮೆಯೂ ಹೇಳಿರಲಿಲ್ಲ. ಹಲ್ಲು ಕಚ್ಚಿಕೊಂಡು ಸುಮ್ಮನಿರುವುದು ಅವಳ ಸ್ವಭಾವ. ಅದರ ಮೇಲೆ ತಾನೇ ತಮಾಷೆಯನ್ನೂ ಮಾಡುತ್ತಿದ್ದಳು: "ನನ್ನ ಕಸುಬೇ ಅದಲ್ವಾ?"

ಹಿಂದಿನ ಸಲ ಬಂದಾಗ ಅವನೊಂದು ಕಂಪ್ಯೂಟರ್ ತಂದಿದ್ದ. "ಫೋನಲ್ಲಿ ನಿನ್ನ ಮುಖ ಬೆಂಕಿಪೊಟ್ಟಣದಷ್ಟು ಕಾಣುತ್ತೆ ಕಣೇ. ಇದರಲ್ಲಿ ದೊಡ್ಡದಾಗಿ ನೋಡಬಹುದು" ಎಂದು ತಾನೇ ತಂತಿಗಳನ್ನೆಲ್ಲ ಜೋಡಿಸಿ, ಕ್ಯಾಮೆರಾ ಕೂರಿಸಿ ಹೋಗಿದ್ದ. ಆದರೆ ಕಂಪನಿಯವರು ಅವನನ್ನು ಬೇರೆ ಹಡಗಿಗೆ ಹಾಕಿದರು. ಅದರ ದಾರಿಯಲ್ಲಿ ಬಂದರುಗಳು ದೂರ ದೂರ. ಹಡಗಿನಲ್ಲಿದ್ದ ಇಂಟರ್ನೆಟ್ಟು ಕ್ಯಾಪ್ಟನ್ನಿನ ಕಚೇರಿ ಕೆಲಸಕ್ಕೇ ಸಾಲುತ್ತಿರಲಿಲ್ಲ. ದಡ ಸಿಕ್ಕಿದಾಗ, ಸಾಮಾನು ಕೊಳ್ಳಲು ಇಳಿದಾಗ ಅವನು ಫೋನ್ ಮಾಡುತ್ತಿದ್ದ. ಬೆಟ್ಟದಷ್ಟು ಮಾತು ಕೂಡಿಟ್ಟುಕೊಂಡಿದ್ದರೂ ಅವಳ ಬಾಯಿಗೆ ಬರುತ್ತಿದ್ದುದು "ಊಟ ಆಯ್ತಾ?" ಅಷ್ಟೇ. ಹಡಗಿಗೆಲ್ಲ ಊಟ ಹಾಕುವವನನ್ನು ಅದನ್ನೇ ಕೇಳಿದೆನಲ್ಲ ಎಂದು ಫೋನ್ ಇಟ್ಟಮೇಲೆ ನಾಚಿಕೆಯಾಗುತ್ತಿತ್ತು.

ಕಂಪ್ಯೂಟರ್ ಹಳೆಯ ದಿಂಬಿನ ಕವರಿನೊಳಗೆ ಕೂತಿತ್ತು. ದಿನಾ ಬೆಳಿಗ್ಗೆ ಕವರು ತೆಗೆದು, ಒರೆಸಿ, ಮತ್ತೆ ಹೊದಿಸುವಳು. ಒಂದೊಂದು ದಿನ ಒರೆಸಿದ ಮೇಲೂ ಅಲ್ಲೇ ನಿಲ್ಲುವಳು. ಕಪ್ಪು ಪರದೆಯಲ್ಲಿ ಅವಳದೇ ಮುಖ ಮಬ್ಬಾಗಿ ಕಾಣುತ್ತಿತ್ತು.

ಆ ಕವರನ್ನು ತೆಗೆಸಿದವರು ಭೂಗೋಳದ ಟೀಚರ್. ಶಾಲೆ ಬಿಟ್ಟು ಬಹಳ ವರ್ಷವಾಗಿದ್ದರೂ ಎಲ್ಲರಿಗೂ ಟೀಚರೇ. ಅವರು ಹಲ್ಲಿನ ಸೆಟ್ಟಿಗೆಂದು ವೈದ್ಯರ ಬಳಿ ಹೋಗಿ ಒಂದು ವಿಚಿತ್ರ ಹಟ ಹಿಡಿದಿದ್ದರು. ವೈದ್ಯರು ಸಾಕಾಗಿ, "ನೀವೇ ಹೋಗಿ ಹಲ್ಲಿನಕ್ಕನಿಗೆ ಹೇಳಿ" ಎಂದು ಮೇಲೆ ಕಳಿಸಿದ್ದರು.

"ನನ್ನ ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಇತ್ತು. ಅದು ಬೇಕು" ಎಂದರು ಟೀಚರ್.

ಹಲ್ಲಿನಕ್ಕ ಕಣ್ಣರಳಿಸಿದಳು. "ಎಲ್ಲರೂ ಸಂದಿ ಮುಚ್ಚಿಸೋಕೆ ಬರ್ತಾರೆ. ನೀವು ಇಡಿಸೋಕೆ ಬಂದಿದೀರಲ್ಲ ಟೀಚರ್!"

"ಆ ಸಂದಿ ಇಲ್ಲದೆ 'ಸ' ಅನ್ನೋಕೇ ಬರಲ್ಲಮ್ಮ. ಸಮುದ್ರ ಅಂದ್ರೆ ಸಮುದ್ರ ಅನ್ನಿಸಲ್ಲ."

ಅವಳಿಗೆ ಟೀಚರ್ ಆ ಗಳಿಗೆಯಲ್ಲೇ ಹಿಡಿಸಿಬಿಟ್ಟರು. ಮೇಣದ ಹಲ್ಲನ್ನು ಹಾಕಿ ತೆಗೆದು ನೋಡಿದ್ದಾಯಿತು. ಟೀಚರ್ ಕೈತೊಳೆಯಲು ಹಿಂದೆ ಹೋದವರು ಕೋಣೆಯ ಬಾಗಿಲಲ್ಲೇ ನಿಂತರು. "ಇದಕ್ಕೇನು ಜ್ವರವಾ? ಹೊದಿಸಿ ಮಲಗಿಸಿದೀಯಲ್ಲ."

ಹಲ್ಲಿನಕ್ಕ ಕತೆ ಹೇಳಿದಳು. ಟೀಚರ್ ಮಂಚದ ಅಂಚಿನಲ್ಲಿ ಕೂತು ಕೇಳಿದರು. ಆಮೇಲೆ ತಮ್ಮ ಮನೆಯ ಕಂಪ್ಯೂಟರಿನ ವಿಷಯ ತೆಗೆದರು. ಕೆಲವು ಲೆಕ್ಕಗಳು ಎಷ್ಟು ದೊಡ್ಡವೆಂದರೆ ಒಂದು ಕಡೆ ಕೂತು ಮಾಡಿ ಮುಗಿಸಲಾಗದು. ಅದಕ್ಕೇ ವಿಶ್ವವಿದ್ಯಾಲಯದವರು ಅವನ್ನು ತುಂಡು ಮಾಡಿ ಸಾವಿರಾರು ಮನೆಗಳಿಗೆ ಹಂಚುತ್ತಾರೆ. ಸುಮ್ಮನೆ ಕೂತಿರುವ ಕಂಪ್ಯೂಟರುಗಳು ತಮ್ಮ ಪಾಲಿನ ಲೆಕ್ಕ ಮಾಡಿ ವಾಪಸು ಕಳಿಸುತ್ತವೆ. ಟೀಚರ್ ಮನೆಯದು ಹವಾಮಾನದ ಲೆಕ್ಕ ಮಾಡುತ್ತಿತ್ತು. "ಗಾಳಿ, ಮೋಡ, ಮಳೆ, ಸಮುದ್ರದ ಬಿಸಿ. ನನ್ನ ಮೇಜಿನ ಮೇಲೆ ಒಂದು ಇಡೀ ಭೂಮಿ ತಿರುಗ್ತಾ ಇದೆ ನೋಡು" ಎಂದರು.

ನಡುವಿನ ಕೋಣೆಯಿಂದ ಮಾವ ಎದ್ದು ಬಂದರು. ಅವರ ಕಿವಿ ಇನ್ನೂ ಡ್ಯೂಟಿಯ ಮೇಲೇ ಇತ್ತು. "ಟೀಚರಮ್ಮ, ತಪ್ಪು ತಿಳೀಬೇಡಿ. ಒಳಗೆ ಬರೋದು ಯಾರು? ಹೊರಗೆ ಹೋಗೋದು ಏನು? ಬೀಗದ ಕೈ ಯಾರ ಹತ್ರ ಇರುತ್ತೆ?"

"ಒಳಗೆ ಬರೋದು ಲೆಕ್ಕ, ಹೊರಗೆ ಹೋಗೋದು ಅದರ ಉತ್ತರ. ಆದ್ರೆ ನನ್ನ ಮಾತು ನಂಬಿ ಸುಮ್ಮನಾಗಬೇಡಿ. ಅದನ್ನ ನಡೆಸೋರು ಯಾರು, ಏನು ತಗೋತಾರೆ ಅನ್ನೋದನ್ನ ಅವರದೇ ಪುಟದಲ್ಲಿ ಬರೆದಿರ್ತಾರೆ, ಕೂತು ಓದಿ. ಆ ಪುಟದ ವಿಳಾಸ ನಾನು ಕೊಡ್ತೀನಿ, ನೀವೇ ಅಕ್ಷರ ಅಕ್ಷರ ಟೈಪ್ ಮಾಡಿ. ಹುಡುಕಿದಾಗ ಮೇಲೆ ಬಂದದ್ದನ್ನ ಒತ್ತಬೇಡಿ, ಅದೇ ಹೆಸರಲ್ಲಿ ಕಳ್ಳರೂ ಅಂಗಡಿ ಇಟ್ಟಿರ್ತಾರೆ."

"ನಮ್ಮ ಫೋಟೋ, ಬ್ಯಾಂಕಿಂದು?"

"ಇದಕ್ಕೇ ಅಂತ ಕಂಪ್ಯೂಟರಲ್ಲಿ ಬೇರೆ ಖಾತೆ ಮಾಡೋಣ. ಏನನ್ನೂ ಬದಲಾಯಿಸೋ ಅಧಿಕಾರ ಇಲ್ಲದ ಖಾತೆ. ಅದರಲ್ಲಿ ನಿಮ್ಮ ವಸ್ತು ಒಂದೂ ಬೇಡ. ಪಾಸ್‌ವರ್ಡೂ ಬೇರೆ, ಬೇರೆಲ್ಲೂ ಹಾಕದೇ ಇರೋದು."

ಮಾವ ತಲೆಯಾಡಿಸಿದರು. ಗೇಟು ತೆಗೆಯಬಹುದು ಎಂಬ ಮುಖ ಮಾಡಿದರು. ಹಲ್ಲಿನಕ್ಕನಿಗೆ ಆಗಲೇ ಉತ್ಸಾಹ ಉಕ್ಕಿತ್ತು. "ಡಾಕ್ಟರ ಹತ್ರ ಎರಡು ಕಂಪ್ಯೂಟರ್ ಇದಾವೆ. ಸಂಜೆ ಸುಮ್ಮನೆ ಇರ್ತಾವೆ. ಅದಕ್ಕೂ ಹಾಕಿಬಿಡೋಣ್ವಾ?"

"ಕೇಳದೆ ಮುಟ್ಟಲೇಬಾರದು. ಅದು ನಿನ್ನದಲ್ಲ, ಅದರಲ್ಲಿರೋ ರೋಗಿಗಳ ವಿಷಯ ಡಾಕ್ಟರದ್ದೂ ಅಲ್ಲ. ಅಷ್ಟೇ ಯಾಕೆ, ಇದು ಯಾರದು?"

"ನಮ್ಮವರದು."

"ಹಾಗಾದ್ರೆ ಮೊದಲು ಅವರನ್ನ ಕೇಳು."

ಕೇಳುವುದಕ್ಕೆ ಹಡಗು ದಡ ಮುಟ್ಟಬೇಕಿತ್ತು. ಅಷ್ಟರಲ್ಲಿ ಟೀಚರ ಸೆಟ್ಟು ಬೆಂದು, ಹೊಳಪಾಗಿ, ಅವರ ಬಾಯಿ ಸೇರಿ, ಸಮುದ್ರ ಮತ್ತೆ ಸಮುದ್ರವಾಗಿತ್ತು. ಕೊನೆಗೊಂದು ಸಂಜೆ ಫೋನ್ ಬಂತು. ಈ ಸಲ ಅವಳು ಊಟದ ಮಾತೆತ್ತಲಿಲ್ಲ.

"ರೀ, ನಿಮ್ಮ ಕಂಪ್ಯೂಟರನ್ನ ಕೆಲಸಕ್ಕೆ ಹಾಕ್ಲಾ?"

"ಯಾವ ಹಡಗಿಗೆ?"

"ಹಡಗಿಗಲ್ಲ ರೀ! ಮನೇಲೇ ಕೂತು ಮಾಡೋ ಕೆಲಸ." ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು.

ಆ ಕಡೆ ಕ್ರೇನಿನ ಸದ್ದು, ಯಾರೋ ಯಾರನ್ನೋ ಕೂಗುವುದು ಕೇಳಿತು. ಆಮೇಲೆ ಅವನ ನಗು. "ಹಾಕು ಹಾಕು. ಅದಾದ್ರೂ ಮನೇಲಿ ಕೂತು ದುಡೀಲಿ."

ಹಾಗೆ ಶುರುವಾಯಿತು. ಟೀಚರ್ ಪಕ್ಕದಲ್ಲಿ ಕೂತರು, ಮಾವ ಹಿಂದೆ ನಿಂತರು, ಹಲ್ಲಿನಕ್ಕ ಒಂದೊಂದೇ ಅಕ್ಷರ ಒತ್ತಿದಳು. ಪ್ರೊಸೆಸರಿನ ಅರ್ಧ ಶಕ್ತಿಯನ್ನು ಮಾತ್ರ ಬಳಸಬೇಕು, ಯಾರಾದರೂ ಕಂಪ್ಯೂಟರ್ ಮುಟ್ಟಿದರೆ ಲೆಕ್ಕ ನಿಲ್ಲಬೇಕು, ಮಧ್ಯಾಹ್ನದ ಬಿಸಿಲಿನ ಹೊತ್ತು ವಿರಾಮ, ಎಂದು ಟೀಚರ್ ಹೇಳಿದಂತೆಲ್ಲ ಸೆಟ್ಟಿಂಗ್ ಇಟ್ಟಳು; ಮನೆಯಲ್ಲಿ ಯಾರೂ ಇಲ್ಲದಾಗ ಆರಿಸಿಯೇ ಹೋಗಬೇಕೆಂದೂ ಆಯಿತು. "ಓಟದ ಪಂದ್ಯ ಅಲ್ಲ ಇದು. ನಿಧಾನಕ್ಕೆ ಹೋದ್ರೂ ಮುಟ್ಟುತ್ತೆ" ಎಂದು ಟೀಚರ್ ಇನ್ನೊಮ್ಮೆ ಹೇಳಿ ಹೋದರು.

ಪರದೆಯ ಮೇಲೆ ಒಂದು ಭೂಮಿ ಬಂತು. ನೀಲಿ ಸಮುದ್ರ, ಕಂದು ನೆಲ, ಮೇಲೆ ಬಿಳಿ ಮೋಡ. ಲೆಕ್ಕ ಮುಂದೆ ಹೋದ ಹಾಗೆ ಮೋಡಗಳು ಸರಿಯುತ್ತಿದ್ದವು. ಮೂಲೆಯಲ್ಲಿ ಆ ಭೂಮಿಯ ತಾರೀಖು ಬದಲಾಗುತ್ತಿತ್ತು. ಒಂದು ಬೆಳಿಗ್ಗೆ ನೋಡಿದಾಗ ಚಳಿಗಾಲವಿದ್ದದ್ದು ವಾರ ಕಳೆಯುವಷ್ಟರಲ್ಲಿ ಬೇಸಿಗೆಗೆ ಬಂದಿರುತ್ತಿತ್ತು. ವರ್ಷ ವರ್ಷಗಳ ಹವೆ. ಪೂರ್ತಿ ಮುಗಿಯಲು ತಿಂಗಳುಗಳೇ ಬೇಕು.

"ಇದು ಈಗ ನಿಜವಾಗ್ಲೂ ಬೀಳ್ತಿರೋ ಮಳೆಯಾ ಟೀಚರ್?" ಎಂದು ಅವಳು ಮರುದಿನ ಫೋನಿನಲ್ಲಿ ಕೇಳಿದಳು.

"ಅಲ್ಲಮ್ಮ. ಬೀಳಬಹುದಾಗಿದ್ದ ಮಳೆ. ಪ್ರತಿಯೊಂದು ಮನೆಗೂ ಸ್ವಲ್ಪ ಸ್ವಲ್ಪ ಬೇರೆ ಭೂಮಿ ಕೊಟ್ಟಿರ್ತಾರೆ. ಒಂದರಲ್ಲಿ ಮೋಡ ಹೀಗಿದ್ದಿದ್ರೆ, ಇನ್ನೊಂದರಲ್ಲಿ ಸಮುದ್ರ ಹಾಗಿದ್ದಿದ್ರೆ ಅಂತ. ಎಲ್ಲ ಸೇರಿಸಿ ನೋಡಿದಾಗ ನಮ್ಮದು ಎಲ್ಲಿಗೆ ಹೋಗ್ತಿದೆ ಅಂತ ಒಂದು ಅಂದಾಜು ಸಿಗುತ್ತೆ."

ಬೀಳಬಹುದಾಗಿದ್ದ ಮಳೆ. ಆ ಮಾತು ಅವಳಲ್ಲಿ ಹೊಕ್ಕು ಕೂತಿತು. ಕೆಲಸದ ನಡುವೆ ಕೈತೊಳೆದು ಹಿಂದಿನ ಕೋಣೆಗೆ ಹೋಗಿ ನಿಲ್ಲುವುದು ಅಭ್ಯಾಸವಾಯಿತು. ಗಂಡನ ಹಡಗು ಇರುವ ದಿಕ್ಕಿಗೆ ಭೂಮಿಯನ್ನು ತಿರುಗಿಸುವಳು. ಅಲ್ಲಿ ಮೋಡ ದಟ್ಟವಾಗಿದ್ದರೆ ಅದು ಸುಳ್ಳು ಮೋಡವೆಂದು ಗೊತ್ತಿದ್ದೂ ಎದೆ ಧಸಕ್ಕೆನ್ನುತ್ತಿತ್ತು. ತಿಳಿಯಾಗಿದ್ದರೆ ಹಗುರಾಗಿ ಹೋಗಿ ಹಲ್ಲಿಗೆ ಹೊಳಪು ಕೊಡುವ ಮೋಟಾರು ಹಚ್ಚುವಳು. ಆ ಭೂಮಿಯಲ್ಲಿ ಹಡಗುಗಳಿಲ್ಲ, ಮನುಷ್ಯರಿಲ್ಲ, ಗಾಳಿ ನೀರು ಮಾತ್ರ. ಆದರೂ ಅವಳು ಅಲ್ಲೊಂದು ಮನೆ ಮಾಡಿಕೊಂಡಿದ್ದಳು. ಅಲ್ಲಿ ಅಡುಗೆಯವನೊಬ್ಬ ದಡದ ಮೇಲಿನ ಕ್ಯಾಂಟೀನಿನಲ್ಲಿ ಕೆಲಸ ಮುಗಿಸಿ ಸಂಜೆ ಮೆಟ್ಟಿಲು ಹತ್ತಿ ಬರುತ್ತಿದ್ದ. ಇದನ್ನು ಅವಳು ಯಾರಿಗೂ ಹೇಳಲಿಲ್ಲ.

ಅವನ ಕರಾರು ಮುಗಿಯುವುದೂ ಈ ಭೂಮಿಯ ಲೆಕ್ಕ ಮುಗಿಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುವಂತೆ ಕಾಣುತ್ತಿತ್ತು. ಎರಡಕ್ಕೂ ಸಂಬಂಧವಿಲ್ಲವೆಂದು ಅವಳಿಗೂ ಗೊತ್ತು. ಆದರೆ ಕಾಯುವವರ ಮನಸ್ಸು ಇಲ್ಲದ ಗಂಟುಗಳನ್ನು ಹಾಕಿಕೊಳ್ಳುತ್ತದೆ. ಇದು ಮುಗಿದ ದಿನ ಅವರು ಬರುತ್ತಾರೆ ಎಂದು ಅವಳು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದಳು.

ಆಗ ಕಂಪನಿಯಿಂದ ಸುದ್ದಿ ಬಂತು. ಅವನ ಬದಲಿಗೆ ಹೋಗಬೇಕಾಗಿದ್ದ ಅಡುಗೆಯವನು ಬರಲಿಲ್ಲ. ಗಂಡ ಇನ್ನೂ ಕೆಲವು ತಿಂಗಳು ಹಡಗಿನಲ್ಲೇ ಇರಬೇಕು. ಮಾವ ಸುದ್ದಿ ಕೇಳಿ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಹಲ್ಲಿನಕ್ಕ "ಸರಿ" ಎಂದಳು, ಕೈಯಲ್ಲಿದ್ದ ಸೆಟ್ಟನ್ನು ಕೆರೆಯುವುದನ್ನು ಮುಂದುವರಿಸಿದಳು, ಕೆರೆಯಬಾರದಷ್ಟು ಕೆರೆದು ಅದನ್ನು ಹಾಳು ಮಾಡಿದಳು.

ಹಡಗಿನ ವೇಗ ಅವಳ ಕೈಯಲ್ಲಿರಲಿಲ್ಲ. ಈ ಭೂಮಿಯದು ಇತ್ತು. ಅವಳು ಹೋಗಿ ಅರ್ಧಕ್ಕೆ ಇಟ್ಟಿದ್ದನ್ನು ಪೂರ್ತಿಗೆ ಎಳೆದಳು. ಮಧ್ಯಾಹ್ನದ ವಿರಾಮ ತೆಗೆದಳು. ಕಂಪ್ಯೂಟರಿನ ವೇಗ ಇಮ್ಮಡಿ ಮಾಡುತ್ತೇವೆ ಎನ್ನುವ ಯಾವುದೋ ಜಾಹೀರಾತನ್ನೂ ಒತ್ತಲು ಹೋದವಳು, ಹಿಂದಿನಿಂದ ಮಾವ "ಅದಕ್ಕೆ ಪಾಸ್ ಇದೆಯಾ?" ಎಂದು ಗದರಿದ್ದರಿಂದ ಬಿಟ್ಟಳು. ಕೋಣೆಗಳ ನಡುವಿನ ಬಾಗಿಲನ್ನು ಮಾತ್ರ ತೆರೆದೇ ಇಟ್ಟಳು. ಕೆಲಸ ಮಾಡುತ್ತಲೇ ಭೂಮಿ ಕಾಣಬೇಕಿತ್ತು ಅವಳಿಗೆ.

ಕೆಲವು ವಾರ ತಾರೀಖುಗಳು ಓಡಿದವು. ಫ್ಯಾನಿನ ಸದ್ದು ಏರುತ್ತಾ ಹೋಯಿತು. ಕೋಣೆಗೆ ಕಾಲಿಟ್ಟರೆ ಒಲೆಯ ಮುಂದೆ ನಿಂತ ಹಾಗೆ ಬಿಸಿ. ಮಾವ ಒಂದೆರಡು ಸಲ "ಅದು ಏದುಸಿರು ಬಿಡ್ತಾ ಇದೆಯಮ್ಮ" ಎಂದರು. ಅವಳು ಕೇಳಿಸಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಮಾವ ಕ್ಷೌರಕ್ಕೆ ಹೋಗಿದ್ದರು. ಅವಳು ಮೋಟಾರು ಹಚ್ಚಿಕೊಂಡು ಎರಡು ಸೆಟ್ಟುಗಳಿಗೆ ಹೊಳಪು ಕೊಡುತ್ತಿದ್ದಳು. ಕೆಲಸ ಮುಗಿಸಿ ತಲೆಯೆತ್ತಿದಾಗ ಹಿಂದಿನ ಕೋಣೆಯಲ್ಲಿ ಪರದೆ ಕಪ್ಪಾಗಿತ್ತು. ಕಂಪ್ಯೂಟರ್ ತನಗೆ ತಾನೇ ಆರಿಹೋಗಿತ್ತು. ಗುಂಡಿ ಒತ್ತಿದರೆ ಒಂದು ಕ್ಷಣ ಬೆಳಗಿ ಮತ್ತೆ ಆರುತ್ತಿತ್ತು. ಗಾಬರಿಯಿಂದ ಟೀಚರಿಗೆ ಫೋನ್ ಮಾಡಲು ಹೋದಳು. ಫೋನಿನ ಮೇಲೆ ಪ್ಲಾಸ್ಟರಿನ ಪುಡಿ ಕೂತಿತ್ತು. ಒರೆಸಿದರೆ ಕೆಳಗೆ ಗಂಡನ ಹೆಸರು, ಮೋಟಾರಿನ ಸದ್ದಿನಲ್ಲಿ ಕೇಳಿಸದೆ ತಪ್ಪಿಹೋದ ಕರೆಗಳು. ಮೊದಲು ಕಂಪ್ಯೂಟರಿಗೆ ಮಾಡಿದ್ದ, ಆಮೇಲೆ ಫೋನಿಗೆ, ಆಮೇಲೆ ಮತ್ತೆ ಕಂಪ್ಯೂಟರಿಗೆ. ಕೊನೆಗೊಂದು ಧ್ವನಿ ಸಂದೇಶ.

"ಏನೇ, ಎಲ್ಲಿಗೆ ಹೋದೆ? ಇಲ್ಲಿ ಬಂದರಲ್ಲಿ ಒಂದು ಅಂಗಡೀಲಿ ಒಳ್ಳೇ ನೆಟ್ ಸಿಕ್ಕಿತ್ತು ಕಣೇ. ದೊಡ್ಡದಾಗಿ ನೋಡೋಣ ಅಂತ... ಕೂದಲು ಕತ್ತರಿಸ್ಕೊಂಡು ಬಂದು ಕೂತಿದ್ದೆ. ಸರಿ ಬಿಡು. ಹೊರಡ್ಬೇಕು. ಅಪ್ಪಂಗೆ ಹೇಳು."

ಅವಳು ತಿರುಗಿ ಕರೆದಳು. ಸಿಗಲಿಲ್ಲ. ಮತ್ತೆ ಕರೆದಳು. ಆ ಮುಖವನ್ನು ನೋಡಲೆಂದೇ ಬಂದ ವಸ್ತುವನ್ನು ತಾನೇ ಓಡಿಸಿ ಓಡಿಸಿ ಕೆಡವಿದ್ದಳು. ಮಾವ ಬಂದಾಗ ಅವಳು ಮಂಚಕ್ಕೊರಗಿ ನೆಲದ ಮೇಲೆ ಕೂತಿದ್ದಳು. ತಮ್ಮ ಹೊಸ ಕ್ಷೌರದ ತಲೆಯನ್ನು ಸವರಿಕೊಳ್ಳುತ್ತಾ ಅವಳ ಪಕ್ಕದಲ್ಲೇ ಕಷ್ಟಪಟ್ಟು ಕೂತರು. "ಮಂಡಿ ನೋಯುತ್ತೆ, ಏಳೋವಾಗ ನೀನೇ ಎಬ್ಬಿಸ್ಬೇಕು" ಎಂದರು.

ಟೀಚರ್ ಸಂಜೆ ಬಂದರು. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಪೂರ್ತಿ ತಣ್ಣಗಾಗಲು ಬಿಟ್ಟ ಮೇಲೆ ಪಕ್ಕದ ಮುಚ್ಚಳ ತೆಗೆಸಿದರು. ಫ್ಯಾನಿನ ಹಿಂದೆ ಗಾಳಿ ಹೋಗುವ ತೆಳು ಸಂದಿಗಳಲ್ಲಿ ಬಿಳಿಯೂ ಗುಲಾಬಿಯೂ ಬೆರೆತ ಪುಡಿ ಹೆಪ್ಪುಗಟ್ಟಿ ಕೂತಿತ್ತು.

"ನೋಡು, ಇದರ ಮೂಗಿಗೂ ಒಂದು ವಸಡು ಕಟ್ಟಿದೀಯ" ಎಂದರು ಟೀಚರ್.

ಅವಳಿಗೆ ಅಳುವಿನ ನಡುವೆ ನಗು ಬಂತು. "ಸುಟ್ಟೇ ಹೋಯ್ತಾ?"

"ಇಲ್ಲಮ್ಮ. ಸುಡಬಾರದು ಅಂತಲೇ ತಾನಾಗಿ ಆರಿದೆ. ನಮಗಿಲ್ಲದ ಬುದ್ಧಿ ಅದಕ್ಕಿದೆ."

ಹಲ್ಲಿನ ಕೆಲಸದ ಮೆತ್ತನೆಯ ಬ್ರಷ್ಷಿನಿಂದಲೇ ಅವಳು ಪುಡಿ ತೆಗೆದಳು, ಫ್ಯಾನಿನ ರೆಕ್ಕೆ ತಿರುಗದಂತೆ ಒಂದು ಬೆರಳಿನಿಂದ ಹಿಡಿದು. ಆಮೇಲೆ ನೆಲದಲ್ಲಿದ್ದ ಕಂಪ್ಯೂಟರಿನ ಪೆಟ್ಟಿಗೆಯನ್ನು ಸ್ಟೂಲಿನ ಮೇಲೇರಿಸಿ ಗೋಡೆಯಿಂದ ದೂರ ಸರಿಸಿದರು. ಕಂಪ್ಯೂಟರೂ ಅವಳ ಬಿಸಿನೀರಿನ ಹೀಟರೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋತುಬಿದ್ದಿದ್ದನ್ನು ಕಂಡು ಟೀಚರ್ ಹೌಹಾರಿದರು. ಕಂಪ್ಯೂಟರಿಗೆ ಗೋಡೆಯ ಬೇರೆ ಪ್ಲಗ್ಗು ಸಿಕ್ಕಿತು. ನಡುವಿನ ಬಾಗಿಲು ಕೆಲಸದ ಹೊತ್ತಿನಲ್ಲಿ ಮುಚ್ಚಿರಬೇಕೆಂದಾಯಿತು.

"ಆ ಭೂಮಿ ಹೋಯ್ತು ಅಲ್ವಾ?" ಎಂದು ಅವಳು ಕೇಳಿದಳು. "ಹೋದ್ರೆ ಹೋಗ್ಲಿ ಬಿಡಿ ಟೀಚರ್. ನಂಗೆ ಬೇಡ."

ಟೀಚರ್ ಗುಂಡಿ ಒತ್ತಿದರು. ಕಂಪ್ಯೂಟರ್ ಎದ್ದಿತು, ಈ ಸಲ ಆರಲಿಲ್ಲ. ಸ್ವಲ್ಪ ಹೊತ್ತಿಗೆ ಭೂಮಿಯೂ ಬಂತು. ಆರುವುದಕ್ಕೆ ಸ್ವಲ್ಪ ಮೊದಲು ಅದು ತನ್ನ ಲೆಕ್ಕವನ್ನು ಉಳಿಸಿಟ್ಟುಕೊಂಡಿತ್ತು, ಅಲ್ಲಿಂದಲೇ ಮುಂದುವರಿಯಿತು. ಆ ಭೂಮಿಗೆ ಏನೂ ಆಗಿರಲಿಲ್ಲ. ಮೋಡ ಸರಿಯುತ್ತಿತ್ತು. ಹಲ್ಲಿನಕ್ಕ ಬಹಳ ಹೊತ್ತು ಅದನ್ನು ನೋಡಿ, ಕೈಚಾಚಿ ಸೆಟ್ಟಿಂಗನ್ನು ತಾನೇ ಅರ್ಧಕ್ಕೆ ಇಳಿಸಿದಳು.

ಅಂದಿನಿಂದ ಮಾವನಿಗೆ ಹೊಸ ಡ್ಯೂಟಿ ಸಿಕ್ಕಿತು. ದಿನಕ್ಕೆ ಹಲವು ಸಲ ಹೋಗಿ, ಮಗುವಿನ ಹಣೆ ಮುಟ್ಟುವಂತೆ ಪೆಟ್ಟಿಗೆಯ ಪಕ್ಕ ಮುಟ್ಟಿ ನೋಡಿ, "ಏನೂ ಇಲ್ಲ, ಚೆನ್ನಾಗಿದೆ" ಎಂದು ವರದಿ ಒಪ್ಪಿಸುವರು.

ಗಂಡನ ಮುಂದಿನ ಕರೆ ಬಂದದ್ದು ಎಷ್ಟೋ ದಿನಗಳ ಮೇಲೆ, ಫೋನಿಗೇ. ಅವಳು ಆ ದಿನದ ವಿಷಯವನ್ನೆಲ್ಲ ಹೇಳಿಕೊಂಡು ಬಿಕ್ಕಿದಳು.

"ಅಯ್ಯೋ ಹುಚ್ಚಿ, ಅದಕ್ಕ್ಯಾಕೆ ಅಳ್ತೀಯ? ಕೂದಲು ಮತ್ತೆ ಬೆಳೆದಿದೆ. ಇನ್ನೊಂದ್ಸಲ ಕತ್ತರಿಸ್ಕೋತೀನಿ ಬಿಡು." ಆಮೇಲೆ ಕೇಳಿದ, "ನಿನ್ನ ಭೂಮೀಲಿ ಈಗ ನಾನಿರೋ ಕಡೆ ಹೇಗಿದೆ?"

ಅವಳು ಫೋನ್ ಹಿಡಿದುಕೊಂಡೇ ಹಿಂದೆ ಹೋಗಿ ಭೂಮಿ ತಿರುಗಿಸಿದಳು. "ಒಂದು ಮೋಡ ಇಲ್ಲ. ಬಿಸಿಲು."

"ಇಲ್ಲಿ ನನ್ನ ಮೂಗಿನ ಮುಂದೆ ಏನೂ ಕಾಣದ ಹಾಗೆ ಸುರೀತಿದೆ. ನಾನು ಆ ಕಡೆಗೇ ಬಂದುಬಿಡ್ತೀನಿ ಕಣೇ."

"ಬನ್ನಿ" ಎಂದಳು.

ಅವನು ಬಂದಾಗ ಭೂಮಿಯ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಅವಳು ಹಾಕಿಕೊಂಡಿದ್ದ ಗಂಟು ತಾನಾಗಿ ಸಡಿಲಿ ಹೋಗಿತ್ತು. ಅವನು ಬಾಗಿಲಲ್ಲಿ ನಿಂತಾಗ ಅವಳ ಕೈತುಂಬ ಪ್ಲಾಸ್ಟರ್ ಇತ್ತು. ಗಟ್ಟಿಯಾಗುವ ಮೊದಲು ಸುರಿಯಲೇಬೇಕಿತ್ತು. "ಒಂದ್ನಿಮಿಷ ರೀ" ಎಂದಳು. ಇಷ್ಟು ತಿಂಗಳು ಕಾದವಳು ಮೊದಲು ಆಡಿದ ಮಾತು ಅದು. ಅವನು ಚೀಲ ಕೆಳಗಿಡದೆ, ಅವಳು ಅಚ್ಚು ತಟ್ಟಿ ತಟ್ಟಿ ಗುಳ್ಳೆ ಬಿಡಿಸುವುದನ್ನು ನೋಡುತ್ತ ನಿಂತ.

ಅವನು ಮನೆಯಲ್ಲಿರುವಾಗ ಸದ್ದು ಬೇಡವೆಂದು ಅವಳು ಕಂಪ್ಯೂಟರ್ ಆರಿಸಿಟ್ಟಳು. ಆದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಮಧ್ಯಾಹ್ನ ಮಲಗಿದವನು ಹೊರಳಾಡಿ ಎದ್ದು ಕೂರುತ್ತಿದ್ದ.

"ಈ ಮನೆ ಅಲ್ಲಾಡೋದೇ ಇಲ್ಲ ಕಣೇ" ಎಂದ ಒಂದು ದಿನ. "ಸದ್ದೂ ಇಲ್ಲ. ಹಡಗಲ್ಲಿ ಇಂಜಿನ್ ಸದ್ದು ನಿಂತ್ರೆ ಏನೋ ಕೆಟ್ಟಿದೆ ಅಂತ ಎಲ್ಲರೂ ಎದ್ದುಬಿಡ್ತೀವಿ. ಆ ಅಭ್ಯಾಸ."

ಅವಳು ಹೋಗಿ ಕಂಪ್ಯೂಟರ್ ಹಚ್ಚಿದಳು. ಫ್ಯಾನು ಸಣ್ಣಗೆ ಗುಂಯ್‌ಗುಟ್ಟತೊಡಗಿತು. ಅವನು ಗೋಡೆ ಕಡೆ ತಿರುಗಿ ಮಲಗಿದ. ನೋಡುತ್ತಿದ್ದಂತೆ ಅವನ ಉಸಿರು ನಿಧಾನವಾಯಿತು. ಅವಳು ಬಾಗಿಲಿಗೊರಗಿ ನಿಂತಳು. ಕಾಯುವುದು ತನ್ನೊಬ್ಬಳದೇ ಪಾಲು ಎಂದುಕೊಂಡಿದ್ದಳು ಇಷ್ಟು ವರ್ಷ. ಇವನು ಅಲ್ಲಿದ್ದಾಗ ಇಲ್ಲಿಗೆ, ಇಲ್ಲಿದ್ದಾಗ ಅಲ್ಲಿಗೆ ಹಾತೊರೆಯುವವನು. ಅವಳಿಗೆ ಸಿಟ್ಟೂ ಬಂತು, ಪಾಪವೆಂದೂ ಅನಿಸಿತು. ಹೊದಿಕೆ ಸರಿಮಾಡಿ ಕೆಲಸಕ್ಕೆ ಹೋದಳು.

ಲೆಕ್ಕ ಮುಗಿದದ್ದು ಅವನು ಇದ್ದಾಗಲೇ, ಒಂದು ಬೆಳಿಗ್ಗೆ. ಭೂಮಿ ಮಾಯವಾಗಿ ಕೆಲಸ ಪೂರ್ಣಗೊಂಡಿತೆಂಬ ಒಂದು ಸಾಲು ಬಂತು. ಮಾವ, "ಇಷ್ಟಕ್ಕೇ ನಾನು ಕಾವಲು ಕಾದಿದ್ದಾ?" ಎಂದರು. ಟೀಚರ್ ಬಂದು ಅಂಥ ಲೆಕ್ಕಗಳನ್ನೆಲ್ಲ ಸೇರಿಸಿ ಮಾಡಿದ ಚಿತ್ರವೊಂದನ್ನು ತೋರಿಸಿದರು: ಚುಕ್ಕಿಗಳು, ಸಾವಿರಾರು ಚುಕ್ಕಿಗಳು, ಮೋಡದ ಹಾಗೆ ಹರಡಿದ್ದವು. ಮುಂದೆ ಇಂಥದೇ ಒಂದರಲ್ಲಿ ಅವರದೂ ಸೇರುತ್ತದೆ.

"ನಮ್ಮ ಚುಕ್ಕಿ ಯಾವುದು ಅಂತ ಗೊತ್ತಾಗುತ್ತಾ?" ಎಂದು ಗಂಡ ಕೇಳಿದ.

"ಇಲ್ಲಪ್ಪ. ನಂದೂ ನಂಗೆ ಗೊತ್ತಿಲ್ಲ" ಎಂದು ಟೀಚರ್ ತಮ್ಮ ಸಂದಿಯಿರುವ ಹಲ್ಲು ಬಿಟ್ಟು ನಕ್ಕರು.

ಆ ಕೋಣೆ ಅಂದು ಸಂಜೆ ಬರಿದಾದಂತಿತ್ತು. ಗಂಡ ಹೆಂಡತಿ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಅವನು ಮಡಿಸುತ್ತಿದ್ದ, ಹಡಗಿನವರ ಹಾಗೆ ಅಂಚಿಗೆ ಅಂಚು ಸೇರಿಸಿ.

"ಮುಂದಿನ ತಿಂಗಳು ಕರೀತಿದಾರೆ. ಒಪ್ಕೊಂಡು ಸಹಿ ಕಳಿಸಿದೀನಿ" ಎಂದ.

ಅವಳು ಕೈಯಲ್ಲಿದ್ದ ಕ್ಲಿಪ್ಪುಗಳನ್ನು ಬುಟ್ಟಿಗೆ ಹಾಕಿದಳು. "ಹೋಗ್ಬೇಡಿ ಅಂತ ನಾನು ಯಾವತ್ತೂ ಹೇಳಿಲ್ಲ. ಈಗ ಹೇಳ್ತಿದೀನಿ. ಹೋಗ್ಬೇಡಿ."

ಅವನು ತಿರುಗಿ ನೋಡಿದ. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವೇ ಒಂದಿನ ಕೇಳ್ತೀರೇನೋ ಅಂತಿದ್ದೆ."

"ನಾನು ನಿಂಗೆ ಅಭ್ಯಾಸ ಆಗಿದೆ ಅಂದ್ಕೊಂಡೆ." ಅವನು ಮಡಿಸಿದ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದ. "ನೀರು ಬಿಟ್ಟು ನನಗೆ ಇರೋಕಾಗಲ್ಲ ಕಣೇ. ನಿಜ ಹೇಳ್ಬೇಕಲ್ಲ."

"ನೀರು ಬಿಡಿ ಅಂತ ಎಲ್ಲಿ ಹೇಳಿದೆ? ಅಷ್ಟು ದೂರದ ನೀರು ಬೇಡ ಅಂದೆ."

ಆ ಸಲ ಅವನು ಹೋದ. ಸಹಿ ಹಾಕಿಯಾಗಿತ್ತು, ಮಾತು ಕೊಟ್ಟಾಗಿತ್ತು. ಹಲ್ಲಿನಕ್ಕ ಇನ್ನೊಂದು ಭೂಮಿಯನ್ನು ತರಿಸಿಕೊಂಡಳು, ಅರ್ಧ ಶಕ್ತಿಗೇ ಇಟ್ಟಳು. ಇದನ್ನು ಅವಳು ಯಾರ ಬರುವಿಕೆಯ ಜೊತೆಗೂ ಕಟ್ಟಲಿಲ್ಲ. ಟೀಚರ್ ಜೊತೆ ಸೇರಿ ಬೀದಿಯ ಇನ್ನೆರಡು ಮನೆಗಳಿಗೆ ಹೋಗಿ ಹೇಳಿಕೊಟ್ಟಳು. "ಮೊದಲು ಧೂಳು ತೆಗೀರಿ, ಆಮೇಲೆ ಮಾತು" ಎಂದು ಶುರುಮಾಡುತ್ತಿದ್ದಳು. ಗಂಡ ದಡ ಸಿಕ್ಕಾಗಲೆಲ್ಲ ಫೋನ್ ಮಾಡಿದ. ಒಂದೆರಡು ಸಲ ದೊಡ್ಡದಾಗಿಯೂ ಕಂಡ. ಪರದೆಯಲ್ಲಿ ಅವನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿದ್ದು ಅವಳಿಗೆ ಕಂಡಿತು.

ಆ ಕರಾರು ಮುಗಿಸಿ ಬಂದವನು ಮತ್ತೆ ದೂರದ ಹಡಗು ಹತ್ತಲಿಲ್ಲ. ಕೊಲ್ಲಿಯ ಈ ದಡದಿಂದ ಆ ದಡಕ್ಕೆ ಜನರನ್ನೂ ಗಾಡಿಗಳನ್ನೂ ಸಾಗಿಸುವ ಫೆರಿಯ ಕ್ಯಾಂಟೀನಿನಲ್ಲಿ ಕೆಲಸ ಹಿಡಿದ. ಒಂದು ವಾರ ಅಲ್ಲೇ ಮಲಗುವುದು, ಒಂದು ವಾರ ಮನೆ. ಸಂಬಳ ಕಡಿಮೆ, ಸಮುದ್ರವೂ ಕಡಿಮೆ. ಮೊದಮೊದಲು ಅವನು ಮಂಕಾಗಿರುತ್ತಿದ್ದ. ರಾಗ ಎಳೆಯುವಂತೆ ನಿಟ್ಟುಸಿರು ಬಿಡುತ್ತಿದ್ದ. ಅವಳು ಕೇಳಿಸಿಕೊಂಡೇ ಕೆಲಸ ಮುಂದುವರಿಸುತ್ತಿದ್ದಳು. ಅವನು ಇಲ್ಲದ ವಾರ ಅವಳಿಗೆ ಹಳೆಯ ಮುಕ್ಕಾಲು ವರ್ಷದಷ್ಟೇ ಉದ್ದವೆನಿಸುತ್ತಿತ್ತು. ಇದು ಅವಳಿಗೇ ಆಶ್ಚರ್ಯ. ಅಗಲಿಕೆ ಚಿಕ್ಕದಾದರೆ ಹಂಬಲವೂ ಚಿಕ್ಕದಾಗಬೇಕಿತ್ತು, ಆಗಲಿಲ್ಲ.

ಅಂಥ ಒಂದು ವಾರದ ನಡುವೆ ಅವಳು ಕೆಲಸ ಬದಿಗಿಟ್ಟು, ಕಂಪ್ಯೂಟರನ್ನು ಮಾವನಿಗೆ ಒಪ್ಪಿಸಿ, ಫೆರಿಗೆ ಟಿಕೆಟ್ ತೆಗೆದಳು. ಆಚೆ ದಡದಲ್ಲಿ ಅವಳಿಗೆ ಏನೂ ಕೆಲಸವಿರಲಿಲ್ಲ. ಕ್ಯಾಂಟೀನಿನ ಸಾಲಿನಲ್ಲಿ ನಿಂತಳು. ಅವಳ ಮುಂದೆ ಲಾರಿ ಚಾಲಕರು, ಮಕ್ಕಳನ್ನೆತ್ತಿಕೊಂಡ ತಾಯಂದಿರು. ಇಷ್ಟು ವರ್ಷದಲ್ಲಿ ಅವನು ಕೆಲಸ ಮಾಡುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಬಿಳಿ ಏಪ್ರನ್ ಕಟ್ಟಿ, ತಲೆತಗ್ಗಿಸಿ, ಯಾರ ಮುಖವನ್ನೂ ನೋಡದೆ ಅವನು ಬಟ್ಟಲಿಗೆ ಸೂಪು ಹಾಕಿ, ಬ್ರೆಡ್ಡಿಟ್ಟು ಮುಂದೆ ತಳ್ಳುತ್ತಿದ್ದ. ಫೆರಿ ವಾಲಿದಾಗ ಅವನ ಕೈಯೂ ಅಷ್ಟೇ ವಾಲಿ, ಒಂದು ಹನಿ ಚೆಲ್ಲುತ್ತಿರಲಿಲ್ಲ.

ಅವಳ ಸರದಿ ಬಂತು. ಬಟ್ಟಲು ತುಂಬಿ ತಳ್ಳುವಾಗ ಅವನಿಗೆ ಅವಳ ಉಗುರಿನ ಸಂದಿಯ ಪ್ಲಾಸ್ಟರ್ ಕಂಡಿತು. ತಲೆಯೆತ್ತಿದ.

"ನೀನಾ? ಏನಾಯ್ತು? ಅಪ್ಪ ಹುಷಾರಾಗಿದಾರಾ?"

"ಎಲ್ಲ ಸರಿಯಾಗಿದೆ. ಹಸಿವಾಯ್ತು, ಬಂದೆ."

ಹಿಂದಿನಿಂದ ಯಾರೋ, "ಬೇಗ ಬೇಗ ಹೋಗಮ್ಮ" ಎಂದರು. ಅವನು ಅವಳ ತಟ್ಟೆಗೆ ಇನ್ನೊಂದು ಬ್ರೆಡ್ಡಿಟ್ಟು, ಕಣ್ಣಲ್ಲೇ ಏನೋ ಹೇಳಿ, "ಮುಂದಿನವರು ಬನ್ನಿ" ಎಂದ.

ಅವಳು ಕಿಟಕಿಯ ಬದಿ ಕೂತು ಸೂಪು ಕುಡಿದಳು. ಸ್ವಲ್ಪ ಉಪ್ಪು ಹೆಚ್ಚಾಗಿತ್ತು. ಕೊನೆಯ ಹನಿಯವರೆಗೂ ಕುಡಿದಳು. ಹೊರಗೆ ನೀರಿನ ಮೇಲೆ ಸಣ್ಣ ಮಳೆ ಹನಿಯುತ್ತಿತ್ತು. ಅವನು ಹತ್ತು ಹೆಜ್ಜೆ ಆಚೆ ಇದ್ದ, ನಡುವೆ ಜನ. ಖಾಲಿ ಬಟ್ಟಲನ್ನು ಎತ್ತಿಕೊಂಡು ಅವಳು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಳು.